ನಿನ್ನ ಅಪ್ಪನ ಡಕೋಟಾ

॥ ಶ್ರೀ ವೀತರಾಗಾಯ ನಮಃ ॥

ಸದಲಗಾ
ರವಿವಾರ, ತಾ. 17-8-1986

ಪ್ರೀತಿಯ ಮಗಳು ಚಿ. ಸೌ. ರಾಜಮತಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಹಿಂದಿನ ಪತ್ರದಲ್ಲಿ ನಿನಗೆ ಚಳಿಜ್ವರ ಬಂದು ಹೋಯಿತೆಂದು ಒಂದೇ ಸಾಲು ಬರೆದು, ಆಮೇಲೆ ಪುಟಗಟ್ಟಲೆ ಆ ಕಿಸುಮು ಊರಿನ ಕೆರೆಯ ವರ್ಣನೆ ಮಾಡಿದ್ದೀ. ಕೆರೆ ಸಮುದ್ರದಷ್ಟಿದ್ದರೆ ಇರಲಿ. ಜ್ವರ ಎಷ್ಟು ದಿನ ಇತ್ತು, ಡಾಕ್ಟರು ಏನು ಕೊಟ್ಟರು, ಈಗ ಬಾಯಿಗೆ ರುಚಿ ಬಂದಿದೆಯೋ ಇಲ್ಲವೋ, ಅದನ್ನು ಮೊದಲು ಬರಿ. ನೀರು ಕಾಯಿಸಿ ಸೋಸಿ ಕುಡಿಯುತ್ತೀಯಲ್ಲ? ನೀನು ಹೋಗುವಾಗ ಕಟ್ಟಿಕೊಟ್ಟ ಸೋಸುವ ಬಟ್ಟೆ ಹರಿದಿದ್ದರೆ ತಿಳಿಸು, ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತೇನೆ. ಅಳಿಯಂದಿರ ಸಕ್ಕರೆ ಕಾರ್ಖಾನೆಯ ಕೆಲಸ ಹೇಗೆ ನಡೆದಿದೆ? ಆಫ್ರಿಕಾದ ಕಬ್ಬಿನಲ್ಲೂ ನಮ್ಮ ಹೊಳೆದಂಡೆಯ ಕಬ್ಬಿನಷ್ಟು ರಸ ಇರುತ್ತದೆಯೇ ಎಂದು ಕೇಳಲು ನಿನ್ನ ಅಪ್ಪ ಹೇಳಿದ್ದಾರೆ. ಇಲ್ಲ ಎಂದು ಬರೆದರೆ ಅವರಿಗೆ ಸಂತೋಷವಾಗುತ್ತದೆ, ಹಾಗೆಯೇ ಬರಿ.

ಇಲ್ಲಿ ಎಲ್ಲರೂ ಆರಾಮ. ದೂಧಗಂಗೆ ತುಂಬಿ ಹರಿಯುತ್ತಿದೆ, ಕೆಳಗಿನ ಹೊಲದ ಕಬ್ಬು ಮೊಣಕಾಲಿನವರೆಗೆ ನೀರಲ್ಲಿ ನಿಂತಿದೆ, ಇನ್ನೂ ಹೆದರುವಂಥದ್ದೇನಿಲ್ಲ. ಈ ಸಲದ ಚಾತುರ್ಮಾಸಕ್ಕೆ ನಾನು ತುಪ್ಪ ಬಿಟ್ಟಿದ್ದೇನೆ, ನಿನ್ನ ಅತ್ತಿಗೆ ಸುನಂದಾ ಬೆಲ್ಲ ಬಿಟ್ಟಿದ್ದಾಳೆ. ನಿನ್ನ ಅಣ್ಣ ಧನಪಾಲ ಸಿಟ್ಟು ಬಿಡುತ್ತೇನೆಂದು ಬಸದಿಯಲ್ಲಿ ನಿಂತು ನೇಮ ಮಾಡಿ, ಮರುದಿನವೇ ಡೇರಿಯವರ ಜೊತೆ ಜಗಳಾಡಿ ಬಂದ. ಹೋದ ವರ್ಷ ಇದ್ದ ಮುನಿ ಮಹಾರಾಜರು ವಿಹಾರ ಮಾಡುತ್ತ ಮುಂದೆ ಹೋದರು. ಈ ಸಲ ಬೇರೆ ಮಹಾರಾಜರು ಬಂದಿದ್ದಾರೆ. ವಯಸ್ಸಾದವರು, ಬಹಳ ತೆಳ್ಳಗೆ, ಪ್ರವಚನದಲ್ಲಿ ನಡುನಡುವೆ ನಗಿಸುತ್ತಾರೆ. ಉಪವಾಸಗಳು ಜಾಸ್ತಿ. 

ಈಗ ನಿನ್ನ ಪೆಟ್ಟಿಗೆಯ ಸುದ್ದಿ. ನಿಮ್ಮಲ್ಲಿಂದ ರಜೆಗೆ ಬಂದ ಕಾಗವಾಡದವರು ಅದನ್ನು ಮನೆಗೇ ತಂದು ಮುಟ್ಟಿಸಿದರು, ಚಹಾ ಕುಡಿದು ಹೋದರು. ಮೇಲೆ ಬೆಳ್ಳಗೆ ಹೊಳೆಯುವ ವಿಮಾನದ ಚಿತ್ರ ನೋಡಿ, ಒಳಗೆ ತಯಾರಾದ ವಿಮಾನವೇ ಇದೆ ಎಂದುಕೊಂಡು ನಾನು ಮುಚ್ಚಳ ತೆಗೆದೆ. ತೆಗೆದರೆ ಬರೀ ಕಡ್ಡಿಗಳು, ಕಡ್ಡಿಗಳಿಗೆ ಹತ್ತಿಕೊಂಡ ಚೂರುಗಳು. ರೆಕ್ಕೆ ಬೇರೆ, ಹೊಟ್ಟೆ ಬೇರೆ, ಹೊಟ್ಟೆಯೂ ಎರಡು ಹೋಳು. ಪಾಪ, ದಾರಿಯಲ್ಲಿ ಒಡೆದು ಹೋಗಿದೆ, ಅವರಿಗೆ ಹೇಳಿದರೆ ನೊಂದುಕೊಳ್ಳುತ್ತಾರೆ ಎಂದು ಮುಚ್ಚಳ ಮುಚ್ಚಿ ಕಪಾಟಿನಲ್ಲಿಟ್ಟುಬಿಟ್ಟೆ. ಸಂಜೆ ಧನಪಾಲ ಬಂದು ಒಳಗಿನ ಕಾಗದ ಓದಿ ನಕ್ಕ. “ಒಡದಿಲ್ಲ ಬೇ ಅವ್ವಾ, ಇದು ಇರೋದ ಹಿಂಗ. ನಾವ ಕೂಡಿಸಿ ಅಂಟಸಬೇಕ” ಎಂದ. ಇಷ್ಟು ದೂರದಿಂದ ಕಳಿಸುವವಳು ಪೂರ್ತಿ ಮಾಡಿದ್ದನ್ನೇ ಕಳಿಸಬಾರದಿತ್ತೇ ಎಂದು ನಾನು ಅಂದೆ. ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ನಿನ್ನ ಚೀಟಿ ಸಿಕ್ಕಿತು. ‘ಇದು ಅಪ್ಪಾಗ ಮಾತ್ರ, ಅಣ್ಣಾ ಕೈ ಹಚ್ಚಬಾರದು’ ಎಂದು ಬರೆದಿದ್ದೆ.

ಯಾಕೆ ಕಳಿಸಿದೆ ಎಂದು ನನಗೂ ತಿಳಿಯಿತು, ನಿನ್ನ ಅಪ್ಪನಿಗೂ ತಿಳಿಯಿತು. ಹೋದ ವರ್ಷ ನಡೆದದ್ದನ್ನು ನಾನು ನಿನಗೆ ಅರ್ಧ ಬರೆದು ಅರ್ಧ ಬಿಟ್ಟಿದ್ದೆ, ದೂರದಲ್ಲಿ ಕುಳಿತು ಕೊರಗುತ್ತೀ ಎಂದು. ಇವತ್ತು ಪೂರ್ತಿ ಬರೆಯುತ್ತೇನೆ. ಯುಗಾದಿಯ ಮುಂದೆ ಅವರಿಗೆ ಲಕ್ವಾ ಹೊಡೆದದ್ದು ನಿನಗೆ ಗೊತ್ತು. ಕಾಲು ಬೇಗ ಸರಿಹೋಯಿತು, ಮಾತೂ ಬಂತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂತು. ಬಲಗೈಗೆ ಮಾತ್ರ ನಡುಕ ಉಳಿಯಿತು. ಚಾತುರ್ಮಾಸ ಬಂದಾಗ ನಾನೂ ಧನಪಾಲನೂ ಈ ವರ್ಷ ನೀವು ಬಡಿಸಬೇಡಿ, ಕೈಮುಗಿದು ನಿಂತರೆ ಸಾಕು ಎಂದೆವು. ಕೇಳುವ ಕುಳವೇ? ಮಹಾರಾಜರಿಗೆ ಆಹಾರ ಕೊಡುವುದರಲ್ಲಿ ಊರಿಗೆಲ್ಲ ಮುಂದೆ ಇದ್ದವರು. ಅಂದು ಮಹಾರಾಜರು ನಮ್ಮ ಬಾಗಿಲಲ್ಲಿ ನಿಂತರು, ಒಳಗೆ ಬಂದರು. ಹಿಂದಿನ ದಿನ ಅಷ್ಟಮಿಯ ಉಪವಾಸ ಮಾಡಿದ್ದರು. ಎರಡು ತುತ್ತು ಮುಗಿದಿರಲಿಲ್ಲ, ನಿನ್ನ ಅಪ್ಪನ ಕೈಯಿಂದ ನೀರಿನ ತಂಬಿಗೆ ಜಾರಿ ನೆಲಕ್ಕೆ ಬಿತ್ತು. ಬಡಿಸುವವರ ಕೈಯಿಂದ ಪಾತ್ರೆ ಬಿದ್ದರೆ ಅಂತರಾಯ, ಅಲ್ಲಿಗೆ ಊಟ ಮುಗಿದ ಹಾಗೆ, ಮತ್ತೆ ನೀರು ಕೂಡ ಮರುದಿನವೇ. ನಿಂತೇ ಬೊಗಸೆಯಲ್ಲಿ ಉಣ್ಣುತ್ತಿದ್ದ ಮಹಾರಾಜರು ಅಂಜಲಿ ಬಿಟ್ಟು ಕುಳಿತರು, ಬಾಯಿ ತೊಳೆದುಕೊಂಡು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿ ಹೋದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ನಿನ್ನ ಅಪ್ಪನ ಮುಖವನ್ನು ಮಾತ್ರ ನಾನು ಬರೆಯಲಾರೆ.

ಆವತ್ತಿನಿಂದ ಅವರು ಮಹಾರಾಜರನ್ನು ಊಟಕ್ಕೆ ಕರೆಯಲು ಬಾಗಿಲಲ್ಲಿ ನಿಂತಿಲ್ಲ. ಬಸದಿಯಲ್ಲಿ ಅಭಿಷೇಕ ನೋಡಿ ಮಡಿಯಲ್ಲೇ ಬರುತ್ತಾರೆ, ಮಹಾರಾಜರು ಬೀದಿಗೆ ಬರುವ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿ ಎಮ್ಮೆಯ ಹತ್ತಿರ ನಿಲ್ಲುತ್ತಾರೆ. ನಾಲ್ಕು ಜನರ ನಡುವೆ ಬಲಗೈಯನ್ನು ಟಾವೆಲ್ಲಿನ ಕೆಳಗೆ ಮುಚ್ಚಿಕೊಂಡು ಕೂರುತ್ತಾರೆ. “ಆದದ್ದಾತು, ಬಿಡ್ರಿ” ಎಂದು ನಾನು ಎಷ್ಟು ಸಲ ಹೇಳಿದೆನೋ. ಡಾಕ್ಟರು ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡಿ ಎಂದಿದ್ದಾರೆಂದು ಶೇಂಗಾ ಸುಲಿಯಲು ಕೊಟ್ಟೆ. ನನ್ನನ್ನೇನು ಕೂಲಿಗೆ ಹಚ್ಚಿದ್ದೀಯಾ ಎಂದು ತಟ್ಟೆ ಸರಿಸಿದರು. ಅಂಥವರು ನಿನ್ನ ವಿಮಾನದ ಪೆಟ್ಟಿಗೆಯನ್ನು ಸರಿಸಲಿಲ್ಲ.

ಅದು ಆ ಕಾಲದ ಡಕೋಟಾ ವಿಮಾನ ಆದದ್ದಕ್ಕೆ ಸರಿಸಲಿಲ್ಲ, ಅದನ್ನೂ ನೀನು ಲೆಕ್ಕ ಹಾಕಿಯೇ ಕಳಿಸಿದ್ದೀ. ಮದುವೆಗೆ ಮುಂಚೆ ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳ ಜೊತೆ ಬೆಳಗಾವಿಯಿಂದ ಮುಂಬಯಿಗೆ ಡಕೋಟಾದಲ್ಲಿ ಹೋಗಿದ್ದ ಕಥೆಯನ್ನು ಅವರು ಎಷ್ಟು ಸಲ ಹೇಳಿಲ್ಲ. ನಿಂತಾಗ ಅದರ ಮೂಗು ಆಕಾಶಕ್ಕೆ, ಬಾಲ ನೆಲಕ್ಕೆ ಇರುತ್ತಿತ್ತಂತೆ, ಒಳಗೆ ಗುಡ್ಡ ಹತ್ತಿದ ಹಾಗೆ ಹತ್ತಿ ಕೂರಬೇಕಂತೆ. ಮೇಲಿನಿಂದ ನೋಡಿದರೆ ಹೊಳೆ ಎಂಬುದು ಯಾರೋ ಮರೆತು ಹೋದ ಧೋತರದ ಹಾಗೆ ಕಂಡಿತಂತೆ. ನಮ್ಮ ಮದುವೆಯ ಮಾತುಕತೆಗೆ ಬಂದಾಗಲೂ ಹುಡುಗಿ ನೋಡುವುದು ಬಿಟ್ಟು ನನ್ನ ಅಪ್ಪನ ಮುಂದೆ ಇದೇ ಕಥೆ ಹೇಳುತ್ತ ಕೂತಿದ್ದರು. ವಿಮಾನ ಹತ್ತಿದ ವರ ಎಂದು ನನ್ನ ಅಪ್ಪ ಖುಷಿಯಾಗಿ ಒಪ್ಪಿದರು. ಆಮೇಲೆ ನನ್ನನ್ನು ಅವರು ವಿಮಾನವಿರಲಿ, ಮೀರಜಿನ ರೈಲು ಹತ್ತಿಸಿದ್ದೂ ಅಪರೂಪ.

ಕೆಲಸ ಶುರುವಾದದ್ದು ಪಡಸಾಲೆಯಲ್ಲಿ, ನನ್ನ ರೊಟ್ಟಿಯ ಹಲಗೆಯ ಮೇಲೆ. ನಾನು ಮುಳ್ಳು ತೆಗೆಯುವ ಚಿಮಟಿಗೆ ಅವರ ಪಾಲಾಯಿತು, ಉಗುರು ಕತ್ತರಿಯೂ ಹೋಯಿತು. ಧನಪಾಲ ಇಂಗ್ಲಿಷಿನ ಕಾಗದ ಓದಿ ಹೇಳುವುದು, ಅವರು ಜೋಡಿಸುವುದು. ಮೊದಲ ವಾರ ನೋಡಬಾರದಿತ್ತು. ಚೂರು ಹಿಡಿಯಲು ಹೋದರೆ ಚಿಮಟಿಗೆಯಿಂದ ಹಾರಿ ಎಲ್ಲೋ ಬೀಳುತ್ತಿತ್ತು. ಒಂದು ಗಾಲಿ ಎಮ್ಮೆಯ ಹಿಂಡಿಯ ಬುಟ್ಟಿಯಲ್ಲಿ ಸಿಕ್ಕಿತು, ಪುಣ್ಯಕ್ಕೆ ಎಮ್ಮೆಗಿಂತ ಮೊದಲು ನಾನು ನೋಡಿದೆ. ಆಮೇಲೆ ಅವರೇ ಹಲಗೆಯ ಸುತ್ತ ನನ್ನ ಹಳೆಯ ಸೀರೆ ಹಾಸಿಕೊಂಡರು. ಎದುರು ಮನೆಯ ಭೀಮಗೊಂಡರು ದಿನವೂ ಅಡಿಕೆ ಕತ್ತರಿಸುತ್ತ ಬಂದು ಕೂರುವುದು, “ಆಬಾಸಾಹೇಬ್ರ, ಹಾರೂದು ಯಾವಾಗ್ರಿ? ನಂಗೂ ಒಂದ ಸೀಟ ಹಿಡೀರಿ” ಎಂದು ಕೆಣಕುವುದು. ಇವರು ತಲೆ ಎತ್ತುತ್ತಿರಲಿಲ್ಲ. ಗೆಳೆಯನ ಮುಂದೆಯೂ ಟಾವೆಲ್ಲಿನ ಕೆಳಗೆ ಇರುತ್ತಿದ್ದ ಕೈ ಈಗ ಹಲಗೆಯ ಮೇಲೆ ಇತ್ತು, ಅದು ಇವರ ಗಮನಕ್ಕೇ ಬಂದಿರಲಿಲ್ಲ.

ಮೊದಲ ಜಗಳ ನನ್ನಿಂದಲೇ ಆಯಿತು. ವಿಮಾನ ನಡೆಸುವವರೆಂದು ಬೆರಳಿನ ಉಗುರಿನಷ್ಟು ಎರಡು ಗೊಂಬೆ ಇದ್ದವು, ಟೋಪಿ, ಮೂಗು, ಮಡಚಿದ ಕೈ ಎಲ್ಲ ಇದ್ದ ಪೂರ್ತಿ ಮನುಷ್ಯರು. ಅವುಗಳ ತಲೆ ಕಡ್ಡಿಗೆ ಹತ್ತಿಕೊಂಡಿತ್ತು. ಬಿಡಿಸಬೇಕಾದರೆ ಕುತ್ತಿಗೆಯ ಮೇಲೆಯೇ ಬ್ಲೇಡು ಇಡಬೇಕು. ಧನಪಾಲ ಬ್ಲೇಡು ಎತ್ತಿದ್ದ, ನಾನು ಕೈ ಹಿಡಿದೆ. ನೆನಪಿದೆಯೇ, ಸಂತೆಯಲ್ಲಿ ಸಕ್ಕರೆಯ ಕುದುರೆ ಬೇಕೆಂದು ನೀನು ನೆಲಕ್ಕೆ ಬಿದ್ದು ಹೊರಳಾಡಿದ್ದೆ, ಕುದುರೆಯ ಆಕಾರ ಕಚ್ಚುವುದೂ ಪಾಪವೇ ಎಂದು ನಾನು ಕೊಡಿಸಿರಲಿಲ್ಲ. ಮಗಳನ್ನು ಅಷ್ಟು ಅಳಿಸಿದ ಮೇಲೆ ಈಗ ಗಂಡನಿಗೆ ಬಿಟ್ಟರೆ ನ್ಯಾಯವೇ? “ಅವ್ವಾ, ಇದು ಪ್ಲಾಸ್ಟಿಕ್ ಐತಿ” ಎಂದ ಧನಪಾಲ. ಸಕ್ಕರೆಗೂ ಜೀವ ಇರಲಿಲ್ಲ, ಕತ್ತರಿಸುವವನ ಮನಸ್ಸಿಗೆ ಆಕಾರ ಕಾಣುತ್ತದಲ್ಲ ಎಂದೆ. ಅದಕ್ಕೆ ನಿನ್ನ ಅಪ್ಪ, “ಆಕಿ ಹೇಳೂದು ಖರೆ ಐತಿ. ಕತ್ತರಸೂದು ಬ್ಯಾಡ, ತಿಕ್ಕೂಣು” ಎಂದರು. ಗೊಂಬೆಯನ್ನು ಮುಟ್ಟದೆ, ಕಡ್ಡಿಯನ್ನು ಮಾತ್ರ ಉಸುಕಿನ ಕಾಗದದಿಂದ ತಿಕ್ಕುತ್ತ ತಿಕ್ಕುತ್ತ ತೆಳ್ಳಗೆ ಮಾಡಿ, ಅದು ತಾನಾಗಿ ಕಳಚುವವರೆಗೆ ಕಾಯುವುದು. ಎರಡು ಮಧ್ಯಾಹ್ನ ಹಿಡಿಯಿತು. ಅಷ್ಟರಲ್ಲಿ ಸಿಟ್ಟು ಬಿಟ್ಟ ನಿನ್ನ ಅಣ್ಣ ತಾಳ್ಮೆಯನ್ನೂ ಬಿಟ್ಟು, ವಿಮಾನದ ಹೊಟ್ಟೆಯ ಎರಡು ಹೋಳನ್ನೂ ಅಂಟಿಸಿಬಿಟ್ಟಿದ್ದ. ನಡೆಸುವವರು ಹೊರಗೇ ಉಳಿದರು. ಅಪ್ಪ ಮಗನಿಗೆ ಒಂದು ದಿನ ಮಾತಿಲ್ಲ. ಭೀಮಗೊಂಡರು ಬಂದು ಕಿಟಕಿಯಲ್ಲಿ ಇಣುಕಿ, “ಯಾರೂ ಇಲ್ಲಲ್ರಿ ಒಳಗ, ಚಾ ಕುಡ್ಯಾಕ ಹೋಗ್ಯಾರೇನು?” ಎಂದರು. ಆಮೇಲೆ ಎಲ್ಲರಿಗೂ ನಗು ಬಂತು.

ಎರಡನೆಯದು ಅಂಟಿನ ರಗಳೆ. ನೀನು ಕಳಿಸಿದ ಟ್ಯೂಬಿನ ಮುಚ್ಚಳ ಯಾರೋ ಹಾಕದೆ ಬಿಟ್ಟು ಅದು ಕಲ್ಲಾಯಿತು. ಯಾರೋ ಎಂದರೆ ಸುನಂದಾ, ಆದರೆ ನಾನು ಹೇಳಿದೆನೆಂದು ಬರೆಯಬೇಡ. ಸುದ್ದಿ ಕೇಳಿ ಬಡಿಗೇರ ಮಾಳಸಿದ್ದ ಪಾಪ ಒಂದು ಕರಟದಲ್ಲಿ ತನ್ನ ಅಂಟು ಕಾಯಿಸಿ ತಂದ. ಅದು ದನದ ತೊಗಲು ಕುದಿಸಿ ಮಾಡುವ ಅಂಟೆಂದು ನನಗೆ ಗೊತ್ತಿತ್ತು. ಕಟ್ಟೆಯ ಮೇಲಿಂದಲೇ ಕೈಮುಗಿದು ವಾಪಸು ಕಳಿಸಿದೆ. ಅವನಿಗೇನೂ ಬೇಸರವಾಗಲಿಲ್ಲ. “ಯವ್ವಾ, ನಿಮ್ಮ ದೇವರ ಮನಿ ಬಾಗಲಾ ನಮ್ಮಪ್ಪ ಇದರಿಂದನ ಕೂಡಿಸ್ಯಾನ್ರಿ” ಎಂದು ನಗುತ್ತ ಹೋದ. ಅದನ್ನು ಕೇಳಿದ ಮೇಲೆ ಆ ಬಾಗಿಲು ಮುಟ್ಟುವಾಗ ನನಗೆ ಒಂದು ಕ್ಷಣ ಕೈ ನಿಲ್ಲುತ್ತದೆ. ಏನು ಮಾಡುವುದು, ಬಾಗಿಲು ಕೀಳಲಾಗುತ್ತದೆಯೇ. ಧನಪಾಲ ಕೊಲ್ಲಾಪುರಕ್ಕೆ ಹೋದಾಗ ಬೇರೆ ಟ್ಯೂಬು ತಂದ. ಬಣ್ಣ ಹಚ್ಚುವ ಬ್ರಶ್ಶಿನ ಕೂದಲು ಯಾವ ಪ್ರಾಣಿಯದೆಂದು ಅಂಗಡಿಯವನಿಗೂ ಹೇಳಲಾಗಲಿಲ್ಲವಂತೆ, ಅದಕ್ಕೆ ಬೇವಿನ ಕಡ್ಡಿಗೆ ಹತ್ತಿ ಸುತ್ತಿ ಹಚ್ಚಿದೆವು. ಅಲ್ಲಲ್ಲಿ ಹತ್ತಿಯ ಎಳೆ ಹತ್ತಿಕೊಂಡಿದೆ, ದೂರದಿಂದ ಕಾಣುವುದಿಲ್ಲ.

ದೀಪ ಹಚ್ಚಿದ ಮೇಲೆ ಕೆಲಸ ಬಂದ್. ಇದು ನಿನ್ನ ಅಪ್ಪನೇ ಮಾಡಿದ ಕಟ್ಟಳೆ. ಮಳೆಗಾಲದಲ್ಲಿ ದೀಪಕ್ಕೆ ಹುಳ ಮುತ್ತುತ್ತವೆ, ಹಸಿ ಅಂಟಿನ ಮೇಲೆ ಕೂತವೆಂದರೆ ಮುಗಿಯಿತು. ಹಗಲಲ್ಲೂ ಮೊದಲು ಮೆತ್ತಗಿನ ಬಟ್ಟೆಯಿಂದ ಹಲಗೆ ಒರೆಸಿಯೇ ಟ್ಯೂಬು ತೆಗೆಯುತ್ತಿದ್ದರು. ಆದರೂ ಒಂದು ಮೋಡದ ಮಧ್ಯಾಹ್ನ, ರೆಕ್ಕೆಯ ಮೇಲಿನ ಭಾಗ, ಕೆಳಗಿನ ಭಾಗ ಎರಡನ್ನೂ ಕೂಡಿಸಿ ಒತ್ತುವ ಹೊತ್ತಿಗೆ ಸರಿಯಾಗಿ ಒಂದು ಗುಂಗುರು ಬಂದು ಅಂಟಿನ ಅಂಚಿನಲ್ಲಿ ಕೂತಿತು. ಧನಪಾಲನಿಗೆ ಒತ್ತಿದರೆ ಸಾಕಿತ್ತು. ಇವರು “ತಡಿ, ತಡಿ” ಎಂದು ರೆಕ್ಕೆಯನ್ನು ಬಿಟ್ಟರು. ಚಿಮಟಿಗೆ ಕೊಡಲು ಹೋದೆ, ಕಾಲು ಮುರಿಯುತ್ತವೆ ಎಂದು ಬೇಡ ಅಂದರು. ಹತ್ತಿಯ ಒಂದು ಎಳೆಯನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಅದರ ಕಾಲಿನ ಹತ್ತಿರ ಒಯ್ದರು. ಭೀಮಗೊಂಡರೂ ಅಡಕತ್ತರಿ ಕೆಳಗಿಟ್ಟು ಬಗ್ಗಿ ನೋಡಿದರು. ಬಹಳ ಹೊತ್ತಾದ ಮೇಲೆ ಆ ಹುಳ ಎಳೆ ಹತ್ತಿ, ಕಾಲು ಝಾಡಿಸಿಕೊಂಡು ಹಾರಿಹೋಯಿತು. ಅಂಟು ಒಣಗಿ ರೆಕ್ಕೆ ಸೊಟ್ಟಗಾಯಿತು, ಕೆರೆದು ಮತ್ತೆ ಕೂಡಿಸಬೇಕಾಯಿತು, ಎಡಗಡೆಯ ರೆಕ್ಕೆಯಲ್ಲಿ ಈಗಲೂ ಒಂದು ಗಂಟು ಇದೆ. ಧನಪಾಲ ನನ್ನ ಕಡೆ ತಿರುಗಿ ಅಪ್ಪನ ಕೈ ನೋಡಿದೆಯಾ ಎಂದು ಕಣ್ಣಲ್ಲೇ ಕೇಳಿದ. ನೋಡಿದ್ದೆ. ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದೆ.

ನಡುಕ ನಿಂತುಹೋಯಿತು ಎಂದು ತಿಳಿಯಬೇಡ. ಅದು ಹಾಗೆಯೇ ಇದೆ. ಆದರೆ ಅದಕ್ಕೂ ಒಂದು ಬರುವ ಹೊತ್ತು, ಹೋಗುವ ಹೊತ್ತು ಇದೆಯಂತೆ, ಅದನ್ನು ಇವರು ಈಗ ಗುರುತು ಹಿಡಿದಿದ್ದಾರೆ. ಎಡಗೈಯನ್ನು ಬಲಗೈಯ ಮಣಿಕಟ್ಟಿನ ಕೆಳಗೆ ಆಸರೆ ಕೊಟ್ಟು, ಚೂರನ್ನು ಅದರ ಜಾಗದ ಹತ್ತಿರ ಒಯ್ದು, ನಡುಕ ದಾಟಿ ಹೋಗುವವರೆಗೆ ಕಾಯುತ್ತಾರೆ. ಹೊಳೆಯಲ್ಲಿ ನೀರು ತಿಳಿಯಾಗಲಿ ಎಂದು ಕೊಡ ಹಿಡಿದು ನಿಲ್ಲುವುದಿಲ್ಲವೇ, ಹಾಗೆ. ತಿಳಿಯಾದ ಕೂಡಲೇ ಇಟ್ಟುಬಿಡುತ್ತಾರೆ. ಮೂವತ್ತು ವರ್ಷ ನಾನು ಚಹಾ ಕೊಡುವುದು ಸ್ವಲ್ಪ ತಡವಾದರೆ ಮನೆ ತಲೆಕೆಳಗು ಮಾಡುತ್ತಿದ್ದ ಮನುಷ್ಯ ಇಷ್ಟು ಕಾಯುವುದನ್ನು ಎಲ್ಲಿ ಕಲಿತರೋ. ಅವರು ಹಾಗೆ ಬಗ್ಗಿ ಕೂತಾಗ ಬಾಗಿಲ ಮರೆಯಲ್ಲಿ ನಿಂತು ನೋಡುತ್ತೇನೆ, ನನಗೆ ಬಹಳ ಪ್ರೀತಿ ಬರುತ್ತದೆ. ಇದನ್ನು ಅಳಿಯಂದಿರಿಗೆ ಓದಿ ಹೇಳಬೇಡ.

ನಿನ್ನೆ ವಿಮಾನ ಮುಗಿಯಿತು. ಬೆಳ್ಳಿ ಬಣ್ಣ ಬಳಿದು, ಎರಡು ಪಂಖಾ ಕೂಡಿಸಿ, ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರಗಳಲ್ಲಿ ಪರದೇಶದ ಕಂಪನಿಯ ಹೆಸರು ಬೇಡವೆಂದು ಬಿಟ್ಟು, ಮೂಗಿನ ಹತ್ತಿರ ಧನಪಾಲನಿಂದ ಕನ್ನಡದಲ್ಲಿ ‘ರಾಜಮತಿ’ ಎಂದು ಬರೆಸಿದ್ದಾರೆ. ಇಷ್ಟು ವರ್ಷ ಬಿಸಿ ಭಕ್ರಿ ಬಡಿದು ಹಾಕಿದವಳು ನಾನು, ಹೆಸರು ಮಾತ್ರ ಮಗಳದು, ಇರಲಿ. ಕಪಾಟಿನ ಮೇಲೆ ಮೂಗು ಎತ್ತಿಕೊಂಡು ನಿಂತಿದೆ, ಥೇಟು ನಮ್ಮ ಸುನಂದಾಳ ಅವ್ವ ಬೀಗರ ಊಟಕ್ಕೆ ಬಂದಾಗ ನಿಲ್ಲುವ ಹಾಗೆ. ಒಳಗೆ ಹೋಗಲಾರದ ಆ ಇಬ್ಬರು ಗಾಲಿಯ ಹತ್ತಿರ ಕೂತಿದ್ದಾರೆ. ಊರ ಜನ ಬಂದು ನೋಡಿ ಹೋಗುತ್ತಿದ್ದಾರೆ.

ಆದರೆ ರಾಜಮತಿ, ನಾನು ಆಸೆಪಟ್ಟದ್ದು ವಿಮಾನಕ್ಕಲ್ಲ. ಇವತ್ತು ಬೆಳಿಗ್ಗೆಯೂ ಇವರಿಲ್ಲದೆ ನಾನೇ ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತೆ, ಹಿಂದೆ ಸುನಂದಾ ಕಳಶ ಹಿಡಿದು ನಿಂತಳು. ಇಂಥದ್ದು ಕಂಡ ಮನೆಯಲ್ಲೇ ಊಟ ಎಂದು ಮಹಾರಾಜರು ಮನಸ್ಸಿನಲ್ಲಿ ಏನು ಸಂಕಲ್ಪ ಮಾಡಿ ಹೊರಟಿದ್ದರೋ, ಬೆರಳು ಭುಜಕ್ಕೆ ಹಚ್ಚಿಕೊಂಡು ನಮ್ಮ ಮನೆ ದಾಟಿ ಹೋದರು. ಇವರು ಹಿತ್ತಲಲ್ಲಿ ಎಮ್ಮೆಯ ಹತ್ತಿರ. ನನಗೆ ತಡೆಯಲಾಗಲಿಲ್ಲ. ಗುಂಗುರಿನ ಕಾಲು ಮುರಿಯದ ಹಾಗೆ ಎತ್ತಿದ ಕೈ ಒಂದು ತುತ್ತು ಹಾಕಲಾರದೇ ಎಂದು ಕೇಳಿಯೇಬಿಟ್ಟೆ. ಸಿಟ್ಟಾಗಲಿಲ್ಲ. ಎಮ್ಮೆಯ ಬೆನ್ನು ಸವರುತ್ತ, “ವಿಮಾನ ಕೆಡವಿದ್ರ ಯಾರೂ ಉಪಾಸ ಬೀಳಂಗಿಲ್ಲ” ಎಂದರು. ಚಾತುರ್ಮಾಸ ಇನ್ನೂ ಉಳಿದಿದೆ, ಆದರೆ ಈ ವರ್ಷ ನಿಲ್ಲದಿದ್ದರೆ ಆಮೇಲೆ ಎಂದಿಗೂ ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಅವರನ್ನು ಹೀಗೆ ಹಿತ್ತಲಲ್ಲಿ ನೋಡುತ್ತ ಇರಲು ನನಗೆ ಆಗುವುದಿಲ್ಲ. ನೀನು ಒಂದು ಮಾತು ಬರಿ. ನಿನ್ನ ಮಾತು ಕೇಳಿ ವಿಮಾನ ಮಾಡಿದವರು ಇದನ್ನೂ ಕೇಳಬಹುದು.

ಅಳಿಯಂದಿರಿಗೆ ನಮ್ಮೆಲ್ಲರ ಆಶೀರ್ವಾದ. ನೀನು ಹೊತ್ತು ಮುಳುಗುವುದರೊಳಗೆ ಉಣ್ಣು, ಮೈ ನೋಡಿಕೋ. ಜಿನೇಶ್ವರ ನಿಮ್ಮಿಬ್ಬರನ್ನೂ ಎಲ್ಲಿದ್ದರೂ ತಂಪಾಗಿ ಇಟ್ಟಿರಲಿ.

ನಿನ್ನ ಅವ್ವ,
ಸೋನಾಬಾಯಿ

ತಾ.ಕ. ಸೋಮವಾರ ಮಧ್ಯಾಹ್ನ. ಮುಚ್ಚಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಧನಪಾಲ ಪತ್ರ ಹಾಕಲು ಚಿಕ್ಕೋಡಿಗೆ ಹೊರಟು ನಿಂತಿದ್ದಾನೆ, ಅಕ್ಷರ ಕೆಟ್ಟಿದ್ದರೆ ಹೊಂದಿಸಿಕೊಂಡು ಓದು. ಇವತ್ತು ನಿನ್ನ ಅಪ್ಪ ಬಸದಿಯಿಂದ ಬಂದವರು ಹಿತ್ತಲಿಗೆ ಹೋಗಲಿಲ್ಲ. ನನ್ನ ಬಲಕ್ಕೆ ಬಂದು ನಿಂತರು. ಮುಖ ನೋಡಿದರೆ ಎಲ್ಲಿ ಒಳಗೆ ಹೋಗಿಬಿಡುತ್ತಾರೋ ಎಂದು ನಾನು ಬೀದಿಯನ್ನೇ ನೋಡುತ್ತ ನಿಂತೆ. ಮಹಾರಾಜರು ಭೀಮಗೊಂಡರ ಮನೆ ದಾಟಿ ಬಂದು ನಮ್ಮ ಮುಂದೆ ನಿಂತರು. ಗಂಡ ಹೆಂಡತಿ ಕೂಡಿ ನಿಂತದ್ದು ಅವರ ಸಂಕಲ್ಪವೋ, ಬೇರೆ ಏನೋ, ಅದನ್ನು ಕೇಳುವ ಹಾಗಿಲ್ಲ. ಕರೆಯುವ ಮಾತೇ ನನಗೆ ಮರೆತುಹೋಯಿತು, ಇವರೇ ನಮೋಸ್ತು ಹೇಳಿ ಒಳಗೆ ಕರೆದುಕೊಂಡು ಬಂದರು. ಪಾದ ತೊಳೆದು, ಪೂಜೆ ಮಾಡಿ, ಎಡಗೈಯ ಆಸರೆ ಕೊಟ್ಟು, ಕಾದು, ಮೊದಲ ತುತ್ತು ಅಂಜಲಿಯಲ್ಲಿ ಇಟ್ಟರು. ಎರಡನೆಯದು, ಮೂರನೆಯದು. ಮಹಾರಾಜರೂ ಅಷ್ಟೇ ತಾಳ್ಮೆಯಿಂದ ಕಾದರು. ನಿನ್ನ ಅಪ್ಪನ ಕೈಯಿಂದ ಒಂದು ಅಗುಳೂ ಬೀಳಲಿಲ್ಲ, ಮಗಳೆ. ನಾನು ಆ ಕೈಯನ್ನೇ ನೋಡುತ್ತಿದ್ದೆ. ಹಾಲಿನ ತಂಬಿಗೆ ನನ್ನ ಕೈಯಲ್ಲಿತ್ತು, ಅದು ಯಾವಾಗ ಜಾರಿತೋ ನನಗೆ ತಿಳಿಯಲೇ ಇಲ್ಲ. ಸಪ್ಪಳ ಕೇಳಿದ ಮೇಲೆಯೇ ಕೆಳಗೆ ನೋಡಿದೆ. ಮಹಾರಾಜರು ಅಂಜಲಿ ಬಿಟ್ಟು ಕುಳಿತರು. ಅರ್ಧ ಊಟವೂ ಆಗಿರಲಿಲ್ಲ.

ಮಹಾರಾಜರು ಹೋದ ಮೇಲೆ ನಾನು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಕಟ್ಟೆಯ ಮೇಲೆ ಕೂಡಿದ ಜನರ ಮಾತು ಕೇಳುತ್ತಿತ್ತು. ಒಂದು ವರ್ಷ ಇವರಿಗೆ ಆದದ್ದಾತು ಬಿಡ್ರಿ ಎಂದು ಹೇಳುತ್ತ ಬಂದೆನಲ್ಲ, ಆ ಮಾತು ಎಷ್ಟು ಹಗುರದ್ದೆಂದು ಇವತ್ತು ಗೊತ್ತಾಯಿತು. ಸ್ವಲ್ಪ ಹೊತ್ತಿಗೆ ನಿನ್ನ ಅಪ್ಪ ಅಷ್ಟು ಜನರ ನಡುವೆ ಬಲಗೈಯಲ್ಲೇ ತಾಟು ಹಿಡಿದುಕೊಂಡು ಬಂದರು. ತಾಟಿನಲ್ಲಿ ಸಾರಿನ ವಾಟಗಾ ಅಲ್ಲಾಡಿ ಸಪ್ಪಳವಾಗುತ್ತಿತ್ತು, ಅದನ್ನು ಅಡಗಿಸಲು ಅವರು ಏನೂ ಮಾಡಲಿಲ್ಲ. ನನ್ನ ಮುಂದೆ ಇಟ್ಟು, ಪಕ್ಕದಲ್ಲಿ ನೆಲಕ್ಕೆ ಕೂತರು. ಬಿಡು ಎಂದು ಹೇಳಲಿಲ್ಲ. “ಉಣ್ಣು. ನಾಳಿ ಮತ್ತ ನಿಂದ್ರಬೇಕ” ಎಂದರು. ನನ್ನಿಂದ ಆಗುವುದಿಲ್ಲ ಎಂದೆ. “ಹಾಲಿನ ತಂಬಿಗಿ ನಾ ಹಿಡಿತೇನಿ, ನೀ ತುತ್ತು ಹಾಕು. ಆದ್ರ ನನ್ನ ಕೈ ನೋಡಬ್ಯಾಡ, ಮಹಾರಾಜರ ಕೈ ನೋಡು” ಎಂದರು.